ಗಾರೆಯ ಮೇಲಿನ ನೇಯ್ಗೆ

ಒಡೆದ ಮಡಕೆಯ ಚೂರುಗಳಲ್ಲಿ ಹಳೆಯ ಕಾಲದ ಬದುಕನ್ನು ಓದಬಲ್ಲ ವಿದ್ವಾಂಸರು ಹಲವರಿದ್ದಾರೆ. ಆ ಚೂರುಗಳನ್ನು ಮೊದಲು ಜೋಡಿಸಿದ ಕೈಗಳನ್ನೂ ಓದಿದವರು ಮಾತ್ರ, ಈ ತಿಂಗಳು ನಮ್ಮ ವಸ್ತುಸಂಗ್ರಹಾಲಯದಿಂದ ನಿವೃತ್ತರಾಗುತ್ತಿರುವ, ನಾವೆಲ್ಲ ಸಲುಗೆಯಿಂದ ಚೂರಕ್ಕ ಎಂದು ಕರೆಯುವ ಹಿರಿಯರೊಬ್ಬರೇ.

ಅವರು ಸೇವೆಗೆ ಸೇರಿದಾಗ ದೊರೆತದ್ದು ನೆಲಮಾಳಿಗೆಯ ಕೋಣೆ, ಒಂದು ಉದ್ದನೆಯ ಮೇಜು, ಮರಳು ತುಂಬಿದ ತಟ್ಟೆಗಳು. ಅಂಟಿಸಿದ ಚೂರನ್ನು ಮರಳಿನಲ್ಲಿ ನೆಟ್ಟು, ಒಣಗುವವರೆಗೆ ಕಾಯಬೇಕು. ಕಾಯುವ ವಿದ್ಯೆ ಅವರಿಗೆ ಒಲಿದಿತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಸಹೋದ್ಯೋಗಿಯೊಬ್ಬಳು ಜ್ವರದ ಮಗಳನ್ನು ಕೆಲಸಕ್ಕೆ ಕರೆತಂದ ದಿನ, ತಮ್ಮ ಶಾಲನ್ನೇ ಹಾಸಿ ಮಲಗಿಸಿದರು, ಮಗು ಎದ್ದಾಗ ಒಡಕು ಬಟ್ಟಲೊಂದನ್ನು ಮುಂದಿಟ್ಟು, "ಬಾ ಪುಟ್ಟಿ, ಇದಕ್ಕೂ ಮೈ ಹುಷಾರಿಲ್ಲ. ಸರಿಮಾಡೋಣ್ವಾ?" ಎಂದರು.

ನಮ್ಮ ಸಂಗ್ರಹಾಲಯದ ಹೆಮ್ಮೆಯೆಂದರೆ ಧಾನ್ಯ ತುಂಬುತ್ತಿದ್ದ ಆ ದೊಡ್ಡ ಮಡಕೆ. ನೂರು ವರ್ಷದ ಹಿಂದೆ ಊರಿನ ಪುರಾತತ್ವ ಸಂಘ ಅಗೆದು ತೆಗೆದದ್ದು. "ಜೋಡಣೆ: ಸಂಘದ ಅಧ್ಯಕ್ಷರು" ಎಂದು ಫಲಕ ಸಾರುತ್ತಿತ್ತು. ಅದರ ಹೊಟ್ಟೆಯ ಮೇಲಿನ ಬಲೆಯಂಥ ಗುರುತು ಪ್ರಾಚೀನ ಅಲಂಕಾರವೆಂದು ಅಧ್ಯಕ್ಷರು ಪ್ರಬಂಧ ಬರೆದಿದ್ದರು. ಪಂಡಿತರು ಅದನ್ನು ಹಿಡಿದುಕೊಂಡು ತಲೆಮಾರುಗಟ್ಟಲೆ ಕಾದಾಡಿದ್ದರು.

ಹೋದ ವರ್ಷ ಹಳೆಯ ಜೋಡಣೆಯನ್ನೆಲ್ಲ ಬಿಚ್ಚಿ ಹೊಸ ಅಂಟಿನಿಂದ ಕೂಡಿಸುವಂತೆ ನಿರ್ದೇಶಕರು ಆದೇಶಿಸಿದರು. ಬಿಚ್ಚುವ ಮುನ್ನ ಒದ್ದೆ ಹತ್ತಿಯಿಂದ ಒರೆಸುತ್ತಿದ್ದ ಚೂರಕ್ಕನ ಕೈ ತಟ್ಟನೆ ನಿಂತಿತು. ಮೇಲೆ ಬಳಿದಿದ್ದ ಮಣ್ಣಿನ ಬಣ್ಣ ಕರಗಿ, ಆ ಅಲಂಕಾರದಡಿ ಬಿಳಿ ಗಾರೆ ಕಾಣಿಸಿತ್ತು. ಚೂರು ಸಿಗದ ಜಾಗಕ್ಕೆ ಯಾರೋ ಗಾರೆ ಮೆತ್ತಿ, ಹಸಿಯಿರುವಾಗ ಬಟ್ಟೆಯಿಂದ ಒತ್ತಿಹಿಡಿದಿದ್ದರು. ಬಲೆಯೆಂದರೆ ಆ ಬಟ್ಟೆಯ ನೇಯ್ಗೆ! ಮಡಕೆಯೊಳಗೆ ಕೈಯಿಳಿಸಿದರೆ, ತಮ್ಮ ಬೆರಳಿಗಿಂತಲೂ ಸಣ್ಣ ಬೆರಳುಗಳ ಗುಳಿ.

ಒತ್ತಿದವರಿಗೆ ಅದು ಬಟ್ಟೆಯ ಗುರುತೆಂದು ತಿಳಿಯದೆ ಇರುತ್ತದೆಯೇ? ಅಂದಮೇಲೆ ಅದನ್ನು ಪ್ರಾಚೀನ ಅಲಂಕಾರವೆಂದು ನಂಬಿ ಬರೆದ ಅಧ್ಯಕ್ಷರು ಜೋಡಿಸಿದವರಲ್ಲ. ಸಂಘದ ಹಳೆಯ ಛಾಯಾಚಿತ್ರದಲ್ಲಿ ಕುರ್ಚಿಯಲ್ಲಿ ಕುಳಿತ ಗಂಡಸರಿಗೆಲ್ಲ ಹೆಸರಿದೆ. ಹಿಂದೆ ನಿಂತ ಐವರು ಹೆಂಗಸರು ಬರೀ "ಮತ್ತು ಮನೆಯವರು". ಅವರಲ್ಲೊಬ್ಬಾಕೆಯ ಕೈ ಮಣಿಕಟ್ಟಿನವರೆಗೆ ಬೆಳ್ಳಗಿದೆ.

"ಅಯ್ಯೋ, ಕಿತ್ತು ಬಿಸಾಕಿ ಮೇಡಂ," ಎಂದರು ನಿರ್ದೇಶಕರು. "ಮಡಕೆ ಮುಖ್ಯಾನೋ, ತೇಪೆ ಮುಖ್ಯಾನೋ?"

"ಕಿತ್ರೆ, ಆ ಹೆಂಗಸ್ರು ಈ ಕೆಲ್ಸ ಮಾಡಿದ್ರು ಅನ್ನೋದಕ್ಕೆ ಇನ್ನೇನ್ ಉಳಿಯತ್ತೆ ಸಾರ್? ಒಂದ್ಸಲ ಒಳಗೆ ಕೈಹಾಕಿ ನೋಡಿ."

ನಿರ್ದೇಶಕರು ಅಂಗಿಯ ತೋಳು ಮಡಚಿ ಕೈಯಿಳಿಸಿದರು. ಅವರ ದಪ್ಪ ಬೆರಳುಗಳು ಆ ಗುಳಿಗಳಲ್ಲಿ ಹಿಡಿಸಲಿಲ್ಲ. ಆದರೂ ಕೈ ಹೊರತೆಗೆಯದೆ ಒಂದೊಂದೇ ಗುಳಿಯನ್ನು ಸವರಿದರು. "ನಮ್ಮಜ್ಜಿ ಕೈ ಇದ್ದಂಗಿದೆ," ಎಂದರು ಮೆಲ್ಲಗೆ.

"ಯಾರದೋ ಅಜ್ಜೀದೇ ಸಾರ್," ಎಂದರು ಚೂರಕ್ಕ.

ಮಡಕೆ ಇಂದು ತೇಪೆಯ ಸಮೇತ ನಿಂತಿದೆ. "ಜೋಡಣೆ: ಸಂಘದ ಮಹಿಳೆಯರು" ಎನ್ನುತ್ತದೆ ಹೊಸ ಫಲಕ; ಅದರ ಕೆಳಗೆ ಹೆಸರುಗಳಿಗೆಂದು ಚೂರಕ್ಕ ಜಾಗ ಬಿಡಿಸಿದ್ದಾರೆ. ನಿವೃತ್ತಿಯ ಮರುದಿನದಿಂದಲೇ ಆ ಹೆಸರುಗಳನ್ನು ಹುಡುಕಿ, ಸಂಘದವರ ಹಳೆಯ ಮನೆತನಗಳ ಬಾಗಿಲು ತಟ್ಟಲು ಹೊರಡುವರಂತೆ. ಅವರ ಕಾಲಿಗೆ ಕಸುವಿರಲಿ, ಕಣ್ಣು ಚುರುಕಾಗಿರಲಿ. ಆ ಹೆಂಗಸರನ್ನೆಲ್ಲ ಹೆಸರು ಹಿಡಿದು ಕರೆಯುವಷ್ಟು, ಆಮೇಲೂ ಇನ್ನೊಂದು ಮಡಕೆಯೊಳಗೆ ಕೈಯಿಳಿಸುವಷ್ಟು ಆಯುಸ್ಸು ಅವರದಾಗಲಿ.