ಜವಳಗೇರಾದ ಹುಟ್ಟುಪಟ್ಟಿ ಅಳಿಸಿದವರು

ಕಂಪ್ಯೂಟರನ್ನು ಕಂಪನಿಯಿಂದ ಬಂದ ಹಾಗೆ ಮಾಡುವುದೆಂದರೆ, ಅದು ನಿಮ್ಮ ಮನೆಗೆ ಬಂದ ಮೇಲೆ ನೀವು ಅದರಲ್ಲಿ ಬರೆದಿಟ್ಟದ್ದನ್ನೆಲ್ಲ ಅಳಿಸಿಹಾಕುವುದು. ಎಲ್ಲವನ್ನೂ. ರಿಪೇರಿಗೆ ಬಂದವನು ಇದನ್ನು ಬಾಯಿಬಿಟ್ಟು ಹೇಳಬೇಕು. ಹೇಳುವುದಿಲ್ಲ.

ಸಿಂಧನೂರಿನ ಹುಸೇನಮ್ಮನಿಗೂ ಯಾರೂ ಹೇಳಲಿಲ್ಲ. ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಹದಿನಾಲ್ಕು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆದವಳು ಅವಳು. ಆ ಸಾಲಿನಲ್ಲಿ ಒಬ್ಬಳೇ ಹೆಂಗಸು. ವಕೀಲರು ಬರೆದುಕೊಟ್ಟ ಇಂಗ್ಲಿಷನ್ನು ಅಕ್ಷರ ನೋಡಿ ತಪ್ಪಿಲ್ಲದೆ ಹೊಡೆಯುವಳು. ಅರ್ಥ ಮಾತ್ರ ತಿಳಿಯದು. ೧೯೯೮ರಲ್ಲಿ ಮಸ್ಕಿಯ ಹತ್ತಿ ಮಿಲ್ಲಿನವರು ತಮ್ಮ ಕಂಪ್ಯೂಟರ್ ಮಾರಿದಾಗ, ಡಬ್ಬಿ, ಸಿ.ಡಿ. ಸಮೇತ ಕೊಂಡು ತಂದು ಪಡಸಾಲೆಯಲ್ಲಿಟ್ಟಳು. ಕನ್ನಡ ಅಕ್ಷರ ಹಾಕಿಸಿದಳು.

ಹುಸೇನಮ್ಮ ರಿಪೇರಿಯವರನ್ನು ನಂಬುವವಳಲ್ಲ. ಅವಳಪ್ಪನ ಪಂಪ್‌ಸೆಟ್ಟಿನ ಮೋಟರು ರಿಪೇರಿಗೆಂದು ಹೋಗಿ, ತಾಮ್ರದ ತಂತಿ ಕಳೆದುಕೊಂಡು, ಅಲ್ಯೂಮಿನಿಯಂ ತುಂಬಿಕೊಂಡು ಬಂದಿತ್ತು. ಅಂದಿನಿಂದ ಆ ಮನೆಗೆ ಒಂದೇ ಕಾನೂನು: ಬಿಚ್ಚುವ ಮುಂಚೆ ಪ್ರತಿ ಸಾಮಾನಿಗೂ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಚುಕ್ಕೆ ಇಡಬೇಕು, ರಿಪೇರಿಯವನು ಎದ್ದು ಹೋಗುವತನಕ ಅವನ ಮುಂದಿನಿಂದ ಏಳಬಾರದು. ಫ್ಯಾನು, ರೇಡಿಯೋ, ಮಿಕ್ಸರು, ಎಲ್ಲಕ್ಕೂ ಚುಕ್ಕೆ.

ಅವಳ ತವರು ಜವಳಗೇರಾ. ನಮ್ಮ ಕಡೆ ಶಾಲೆಯ ರಿಜಿಸ್ಟರ್ ತೆಗೆದು ನೋಡಿ, ಕೇರಿಯ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೆ. ಹೆಡ್‌ಮಾಸ್ತರರು ಮಗುವಿನ ಎತ್ತರ ನೋಡಿ ವರ್ಷ ಬರೆದುಬಿಡುತ್ತಾರೆ. ಇದಕ್ಕೆ ಸಿಟ್ಟಾಗಿ ಹುಸೇನಮ್ಮ ಪ್ರತಿ ಭಾನುವಾರ ಸೂಲಗಿತ್ತಿ ಗಾಳೆಮ್ಮನ ಮುಂದೆ ನೋಟ್‌ಬುಕ್ ಹಿಡಿದು ಕೂತಳು.

"ಪಕೀರಮ್ಮನ ಮಗಳು ಅಮರಮ್ಮ ಯಾವಾಗ ಹುಟ್ಯಾಳಬೇ ಆಯಿ?"

"ಕೆನಾಲಿಗೆ ನೀರು ಬಂದ್ ಮಾಡಿದ್ರು ನೋಡು, ಆ ವಾರ. ಬಾಣಂತಿಗಿ ಎರಿಯಾಕ ನೀರಿಲ್ಲ. ಬಾವಿಯಿಂದ ನಾನ ಕೊಡ ಹೊತ್ತೀನಿ."

"ವರ್ಷ?"

"ವರ್ಷ ನಿನ್ನ ಕೆಲಸ. ಕೂಸು ನನ್ನ ಕೆಲಸ. ನಾ ನನ್ನ ಕೆಲಸ ಮಾಡೀನಿ."

ಹುಸೇನಮ್ಮ ಹಳೆಯ ಪಂಚಾಂಗಗಳನ್ನು ತಂದು, ಅಕ್ಕಪಕ್ಕದವರನ್ನು ಕೇಳಿ, ತಾರೀಖು ಹಿಡಿಯುವಳು. ಹಾಗೆ ಇನ್ನೂರ ಹನ್ನೆರಡು ಹುಟ್ಟು ಕಂಪ್ಯೂಟರಿಗೆ ಏರಿದವು. ಅಮರಮ್ಮ ಹುಟ್ಟಿದ್ದು ೧೯೮೩ರ ಬೇಸಿಗೆಯಲ್ಲಿ. ಮಿಷನ್ನಿನಲ್ಲಿದ್ದದ್ದಕ್ಕೆ ಗೆದ್ದಲು ಹತ್ತುವುದಿಲ್ಲವೆಂಬ ಧೈರ್ಯದ ಮೇಲೆ, ಅಕ್ಷರವಿದ್ದ ಕಾಗದ ಕಾಲಿಗೆ ಸಿಗಬಾರದೆಂದು, ತುಂಬಿದ ನೋಟ್‌ಬುಕ್ಕುಗಳನ್ನು ದಸರಾ ಪೂಜೆ ಮಾಡಿ ಕೆನಾಲಿಗೆ ಬಿಟ್ಟಳು. ಫ್ಲಾಪಿಗೆ ನಕಲು ಮಾಡಿಡಬೇಕೆಂದು ಅವಳಿಗೆ ಹೇಳಿದವರಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಗಾಳೆಮ್ಮ ತೀರಿಕೊಂಡಳು.

೧೯೯೯ರ ನವೆಂಬರಿನಲ್ಲಿ ಅಮರಮ್ಮನ ದೊಡ್ಡಪ್ಪ ಸೂಗಪ್ಪ ಹುಡುಗಿಯ ಮದುವೆ ಗೊತ್ತು ಮಾಡಿದ. ಗಂಡು ಲಿಂಗಸುಗೂರಿನವನು. ತಾಯಿ ಪಕೀರಮ್ಮನಿಗೆ ಇಷ್ಟವಿಲ್ಲ. ಮಗಳಿಗೆ ಹದಿನಾರು ಎಂದು ಅಂಗನವಾಡಿ ಮೇಲ್ವಿಚಾರಕಿಯ ಹತ್ತಿರ ಹೋದಳು. ಆಕೆ ಶಾಲೆಯ ದಾಖಲೆ ನೋಡಿದಳು. ೧೯೮೧, ಜೂನ್ ಒಂದು.

"ಹದಿನೆಂಟು ತುಂಬೈತಲ್ಲಮ್ಮ. ಬರಹದಾಗ ಬೇರೆ ಏನರ ಇದ್ರ ಸೋಮವಾರ ತಗೊಂಬಾ, ನೋಡೋಣ."

ಪಕೀರಮ್ಮ ಅಲ್ಲಿಂದ ನೇರ ಹುಸೇನಮ್ಮನ ಮನೆಗೆ ಬಂದಳು. ಹುಸೇನಮ್ಮ ಸ್ವಿಚ್ ಹಾಕಿದರೆ ಕಂಪ್ಯೂಟರು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಹಾಕಿದರೂ ಅಲ್ಲಿಗೇ ನಿಂತಿತು.

ಶನಿವಾರ ರಿಪೇರಿಯ ಕರಿಬಸಯ್ಯ ಬಸ್ಸಿಳಿದು ಬಂದ. ಟಿ.ವಿ. ರಿಪೇರಿ ಮಾಡಿಕೊಂಡಿದ್ದು, ರಾಯಚೂರಿನಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತವನು. ಸುತ್ತಲ ಮೂರು ತಾಲೂಕಿಗೆ ಅವನೇ ಗತಿ. ಅವನೂ ಲಿಂಗಸುಗೂರಿನವನು, ಹುಸೇನಮ್ಮನಿಗೆ ಅದೊಂದು ಮುಳ್ಳು.

ಡಬ್ಬಿ ಬಿಚ್ಚಿಸಿ ಒಳಗಿನ ಒಂದೊಂದಕ್ಕೂ ಚುಕ್ಕೆ ಇಟ್ಟಳು.

"ಮದುಮಗಳಿಗಿ ಹಚ್ಚಿದಾಂಗ ಹಚ್ಚೀರಲ್ರೀ ಅಕ್ಕಾರ!"

"ಹೌದ್ರಿ ಅಯ್ನೋರ. ಯಾವ ಸಾಮಾನು ಯಾರ ಮನೀದಂತ ಗೊತ್ತಿರ್ಬೇಕಲ್ರಿ."

ಅವನು ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿ ನೋಡಿದ. "ವೈರಸ್ ಹೊಕ್ಕೈತ್ರಿ. ಕಂಪನಿಯಿಂದ ಬಂದಾಂಗ ಹೊಸಾದು ಮಾಡಿಕೊಡ್ತೀನಿ. ಒಳಗ ಏನೈತ್ರಿ?"

ಈ ಪ್ರಶ್ನೆಯನ್ನು ಯಾಕೆ ಕೇಳುತ್ತಿದ್ದೇನೆಂದು ಅವನು ಹೇಳಲಿಲ್ಲ. ಇವನಿಗ್ಯಾಕೆ ಬೇಕು ಎಂದು ಅವಳು ಯೋಚಿಸಿದಳು. ಗಂಡಿನ ಊರಿನವನು, ಪಟ್ಟಿಯ ಸುದ್ದಿ ಸಂಜೆಯೊಳಗೆ ಅಲ್ಲಿ ಮುಟ್ಟಿಸಿದರೆ?

"ಏನಿಲ್ರಿ. ಹಳೇ ಅರ್ಜಿ."

ಅವನು ಸಿ.ಡಿ. ಹಾಕಿದ. ತೆರೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂದು ನಿಂತಿತು.

"ಏನ್ ಕೇಳಾಕತ್ತೈತ್ರಿ ಅದು?"

"ಮುಂದ ಹೋಗ್ಲೇನು ಅಂತೈತ್ರಿ. ಹೂಂ ಅನ್ನೋದು, ಅಷ್ಟ."

ಒಂದು ಕೀಲಿ ಒತ್ತಿದ. ಎಲ್ಲ ಅಳಿಯುತ್ತದೆ, ಒಪ್ಪಿಗೆಯೇ ಎಂದು ಆ ಸಾಲು ಕೇಳಿತ್ತು. ಹುಸೇನಮ್ಮನ ಕಣ್ಣು ಅವನ ಸ್ಕ್ರೂಡ್ರೈವರಿನ ಮೇಲಿತ್ತು.

ಕೆಲಸ ಮುಗಿದ ಮೇಲೆ ಬ್ಯಾಟರಿ ಹಿಡಿದು ಚುಕ್ಕೆ ಎಣಿಸಿದಳು. ಒಂದೂ ಕಡಿಮೆಯಿಲ್ಲ. ಸಮಾಧಾನವಾಗಿ ಚಹಾ ಕೊಟ್ಟಳು. ಆಮೇಲೆ ಪಟ್ಟಿ ತೆರೆಯಲು ಹೋದಳು. ಪಟ್ಟಿ ಇರಲಿಲ್ಲ. ಕನ್ನಡವೂ ಇರಲಿಲ್ಲ; ಕಂಪನಿಯಿಂದ ಬಂದಾಗ ಅದಕ್ಕೆ ಕನ್ನಡ ಬರುತ್ತಿರಲಿಲ್ಲವಲ್ಲ.

"ನನ್ನ ಪಟ್ಟಿ ಎಲ್ಲೈತ್ರಿ?"

"ಯಾವ ಪಟ್ಟಿರಿ? ಹಳೇ ಅರ್ಜಿ ಅಂದ್ರಿ!"

"ಅಳಸ್ತೀನಂತ ನೀವೆಲ್ಲಿ ಹೇಳಿದ್ರಿ?"

"ಹೊಸಾದು ಮಾಡ್ತೀನಿ ಅಂದೆನಲ್ರೀ." ಕರಿಬಸಯ್ಯನ ಕೈಯಲ್ಲಿ ಬಟ್ಟಲು ಹಾಗೇ ಉಳಿಯಿತು. ಅಳಿಸಿದ್ದನ್ನು ಮತ್ತೆ ತರಲು ಅವನಿಗೆ ಬರುತ್ತಿರಲಿಲ್ಲ.

ಭಾನುವಾರ ಜವಳಗೇರಾಕ್ಕೆ ಹೋಗಿ ಹೇಳಿದಳು. ಪಕೀರಮ್ಮ ಕೂತಲ್ಲಿಂದ ಏಳಲಿಲ್ಲ.

"ಮಿಷನ್ ತಾನ ಅಳಸ್ತಂತ? ಯಾರಿಗಿ ಹೇಳ್ತಿ ಹುಸೇನಿ? ಸೂಗಪ್ಪ ನಿನಗೇನು ಕೊಟ್ಟಾನ?"

"ನನ್ನ ಮಕ್ಕಳಾಣಿ, ಯವ್ವಾ…"

"ಆಣಿ ಹಾಕಬ್ಯಾಡ. ರಿಪೇರಿಗಿ ನಿನಗ ಲಿಂಗಸುಗೂರಿನಾವನ ಬೇಕಾಗಿದ್ನ?"

ಸೋಮವಾರ ಮೇಲ್ವಿಚಾರಕಿ ಬರಿಗೈ ನೋಡಿ ಫೈಲು ಮುಚ್ಚಿದಳು. ಕಂಪ್ಯೂಟರಿನಲ್ಲಿ ಇತ್ತು, ಹೋಯಿತು ಎಂದರೆ ಯಾವ ಕಚೇರಿ ಕೇಳುತ್ತದೆ? ಡಿಸೆಂಬರಿನಲ್ಲಿ ಅಮರಮ್ಮನ ಮದುವೆಯಾಯಿತು. ಹುಸೇನಮ್ಮ ಹೊಸ ನೋಟ್‌ಬುಕ್ ಹಿಡಿದು ಕೇರಿಗೆ ಹೋದರೆ ಈಗ ಬಾಗಿಲು ಮುಂದೆ ಮಾಡುತ್ತಾರೆ. ಮಕ್ಕಳ ಹೆಸರು ಕೇಳಿದರೆ, "ಯಾರಿಗಿ ಕೊಡಾಕ?" ಎನ್ನುತ್ತಾರೆ.

ಕರಿಬಸಯ್ಯ ಕಳ್ಳನಲ್ಲ. ಒಂದು ಸ್ಕ್ರೂ ಕೂಡ ಒಯ್ಯಲಿಲ್ಲ. ಅದೇ ನನಗೆ ಸಿಟ್ಟು. ಕಳ್ಳನಾಗಿದ್ದರೆ ಹಿಡಿಯಬಹುದಿತ್ತು. ಓದಿ ಹೇಳುವಷ್ಟು ಪುರಸೊತ್ತು ಮಾಡಿಕೊಳ್ಳದವನನ್ನು ಯಾವ ಠಾಣೆಗೆ ಒಯ್ಯುವುದು? ಎತ್ತರ ನೋಡಿ ವಯಸ್ಸು ಬರೆದ ಮಾಸ್ತರರನ್ನು? ಆ ಬರಹವೊಂದನ್ನೇ ನಂಬಿದ ಮೇಲ್ವಿಚಾರಕಿಯನ್ನು?

ನಿಮ್ಮ ಮನೆಗೂ ಒಬ್ಬ ಸಿ.ಡಿ. ಹಿಡಿದು ಬರುತ್ತಾನೆ. ತೆರೆಯ ಮೇಲೆ ಇಂಗ್ಲಿಷ್ ಬಂದು ನಿಂತಾಗ, ಒತ್ತುವ ಮುಂಚೆ ಅವನ ಕೈ ಹಿಡಿಯಿರಿ. ಇದನ್ನು ಕನ್ನಡದಲ್ಲಿ ಹೇಳು ಅನ್ನಿ. ಒಳಗೇನಿದೆಯೆಂದು ನೀವೂ ಮುಚ್ಚಿಡದೆ ಹೇಳಿರಿ. ಅವನು ಹೇಳಿ ಮುಗಿಸುವತನಕ ಕೈ ಬಿಡಬೇಡಿ.