ಇಂಗ್ಲಿಷ್ ಪುಸ್ತಕಕ್ಕೆ ಹೊದಿಸಿದ ಖಣ

ಮಾಸ್ತರರ ಎಡಗಿವಿ ಬಲಗಿವಿಗಿಂತ ಉದ್ದವಿತ್ತು. ಓದುವಾಗ ಅದನ್ನು ಹಿಡಿದು ಜಗ್ಗುತ್ತಿದ್ದರು, ಎಮ್ಮೆ ಹಿಂಡುವವರ ಹಾಗೆ. ಸವಣೂರಿನ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ನಮ್ಮ ಗೋಡೆಗೆ ಹತ್ತಿದ ಮನೆಯಲ್ಲಿದ್ದರು. ನಾನು ಹಿರೇಕೆರೂರಿನಿಂದ ಸೊಸೆಯಾಗಿ ಬಂದಾಗ ಸ್ವಾತಂತ್ರ್ಯಕ್ಕೆ ಇನ್ನೂ ಆರೇಳು ವರ್ಷವಿತ್ತು.

ಸಂಜೆ ಕಟ್ಟೆಯ ಮೇಲೆ ಕೂತು ಹಳೆಯ ಇಂಗ್ಲಿಷ್ ನಾಟಕಗಳನ್ನು ಗಟ್ಟಿಯಾಗಿ ಓದುವರು. ನಾಟಕದ ರಾಜ ಸತ್ತರೆ ಕಣ್ಣೀರು ಹಾಕುವರು. ಆಮೇಲೆ ಕಥೆಯನ್ನು ಕನ್ನಡದಲ್ಲಿ ಹೇಳಿ, "ಇದರಾಗ ನಮಗೇನೈತಿ, ಹೇಳ್ರಿ ನೋಡೋಣು," ಎಂದು ದಾರಿಹೋಕರನ್ನೂ ಕೇಳುವರು. ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ. ಹುಟ್ಟದೇ ಇದ್ದವರಿಗಾಗಿ ಅಳುವ ಗಂಡಸನ್ನು ಹೇಗೆ ನಂಬುವುದು?

ಅವರ ಹೆಂಡತಿ ಚೊಚ್ಚಲ ಹೆರಿಗೆಗೆ ಶಿಗ್ಗಾವಿಯ ತವರಿಗೆ ಹೋಗಿ ಎಂಟು ದಿನವಾಗಿತ್ತು. ವೀಳ್ಯದೆಲೆಯ ಪೆಂಡಿಗಳನ್ನು ಯಲವಿಗಿ ಸ್ಟೇಷನ್ನಿಗೆ ಹಾಕಿ ಬಂದ ನನ್ನ ಗಂಡ ಅವರ ಕಟ್ಟೆಯ ಮುಂದೆ ನಿಂತುಬಿಟ್ಟ. ಮಾಸ್ತರರ ಪುಸ್ತಕಕ್ಕೆ ಹಸಿರು ಹೊದಿಕೆ. ಅವನೇ ನನಗೆ ಹುಬ್ಬಳ್ಳಿಯಿಂದ ತಂದಿದ್ದ ಕುಬಸದ ಖಣ! ಮೂಲೆಯಲ್ಲಿ ನಾನು ಮಾಡಿದ ಎಣ್ಣೆಯ ಕಲೆ.

ಒಳಗೆ ಬಂದವನೇ ನನ್ನ ಟ್ರಂಕು ಸುರುವಿದ. ಖಣ ಇರಲಿಲ್ಲ.

"ಅವಂಗ ಯಾಕ ಕೊಟ್ಟಿ?"

"ನಾ ಕೊಟ್ಟಿಲ್ಲ."

"ಹಂಗಾರ ಅದಕ್ಕ ಕಾಲು ಬಂದ್ವೇನು? ಗಾಡಿ ಹೂಡ್ತೇನಿ, ನಡಿ. ಇನ್ನ ನಿಮ್ಮಪ್ಪನ ಮನ್ಯಾಗ ಬಿದ್ದಿರು."

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಲ್ಲಲಿಲ್ಲ.

ಗದ್ದಲ ಕೇಳಿ ಮಾಸ್ತರರು ನಮ್ಮ ಪಡಸಾಲೆಗೆ ಬಂದರು, ಪುಸ್ತಕ ಕೈಯಲ್ಲೇ! ಅದನ್ನಾದರೂ ಇಟ್ಟು ಬರುವ ಬುದ್ಧಿ ಬೇಡವೇ? ಗಂಡ ಕುಡುಗೋಲು ಎತ್ತಿಕೊಂಡ.

"ಈ ಖಣ ಎಲ್ಲಿಂದ ಬಂತ್ರಿ?"

"ಮನ್ಯಾಗ ಬಿದ್ದಿತ್ತು. ರಟ್ಟು ಹರಿದಿತ್ತು, ಹೊದಿಸಿದೆ." ಮಾಸ್ತರರು ಎಡಗಿವಿ ಹಿಡಿದು ಜಗ್ಗಿದರು. "ಯಜಮಾನ್ರ, ಕುಡಗೋಲು ಆಮ್ಯಾಲ. ಈ ನಾಟಕದಾಗೂ ಒಬ್ಬಾಂವ ಅದಾನ. ಹೆಂಡ್ತಿಗೆ ಕೊಟ್ಟ ವಸ್ತ್ರ ಬ್ಯಾರೆಯವನ ಕೈಯಾಗ ಕಂಡ, ಆಕಿನ್ನ ಕೊಂದ. ಅದನ್ನ ತಗದು ಕೊಟ್ಟಾಕಿ ಅದ ಮನ್ಯಾಗ ಇದ್ಲು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಬಿಡೂದ್ರಾಗ ಹೆಣ ಬಿದ್ದಿತ್ತು."

ರೊಟ್ಟಿಯ ಸದ್ದು ನಿಂತಿತು.

"ನಾನ ಕೊಟ್ಟೇನಪಾ," ಎಂದಳು ಅತ್ತೆ. "ಬಸರ ಹೆಂಗಸು ತವರಿಗೆ ಹೊಂಟಿದ್ಲು. ಬರೇ ಅಕ್ಕಿ ಹಾಕಿ ಉಡಿ ತುಂಬಾಕ ಬರ್ತೈತೇನು? ಸೊಸಿ ಟ್ರಂಕಿನ್ಯಾಗಿಂದು ತಗದೆ. ಮರ್ತಿದ್ದೆ."

ಗಂಡ ಕುಡುಗೋಲು ಇಟ್ಟ. ಸಿಟ್ಟು ಎಲ್ಲಿ ಇಡಬೇಕೋ ತಿಳಿಯದೆ ಮಾಸ್ತರರ ಮೇಲೇ ಹರಿಹಾಯ್ದ. "ಉಡಿ ತುಂಬಿದ ಖಣಾ ಯಾರರ ಪುಸ್ತಕಕ್ಕ ಸುತ್ತತಾರೇನ್ರಿ? ಇಷ್ಟು ಇಂಗ್ಲಿಷ್ ಕಲಿಸಿದವ್ರು ನಿಮಗ ಇದನ್ನ ಕಲಿಸ್ಲಿಲ್ಲೇನು?"

"ಇಲ್ರಿ," ಎಂದರು ಮಾಸ್ತರರು, ಸಾಲೆಯ ಹುಡುಗನ ಹಾಗೆ.

ಗಾಡಿ ಹೂಡಲಿಲ್ಲ. ಐದು ಮಕ್ಕಳನ್ನು ಆ ಮನೆಯಲ್ಲೇ ಬೆಳೆಸಿದೆ. ಅದು ಮಾಸ್ತರರ ಋಣ, ಇಲ್ಲ ಅನ್ನುವುದಿಲ್ಲ. ಆದರೆ ಅತ್ತೆ ನಿಜವಾಗಿ ಮರೆತಿದ್ದಳೇ? ಮಾಸ್ತರರು ಹೇಳಿದ ಹೆಂಗಸು ಪುಸ್ತಕದಲ್ಲಿದ್ದಳೋ, ಅತ್ತೆಯ ಬೆನ್ನು ನೋಡಿ ಆಗಲೇ ಹುಟ್ಟಿಸಿದರೋ? ಒಮ್ಮೆ ಅವರನ್ನೇ ಕೇಳಿದೆ.

"ಸಂಶೇ ಇದ್ರ ಓದಾಕ ಕಲಿಯವ್ವಾ," ಎಂದು ನಕ್ಕರು.

ಅವರ ಹೆಂಡತಿಯ ಹತ್ತಿರ ಕನ್ನಡ ಅಕ್ಷರ ಕಲಿತೆ. ಇಂಗ್ಲಿಷಿಗೆ ಬರುವಷ್ಟರಲ್ಲಿ ವಿಷಮಜ್ವರ ಬಂದು ಮಾಸ್ತರರು ತೀರಿಕೊಂಡರು. ನಾಟಕದ ಆ ಹೆಂಗಸಿನ ವಿಷಯ ನನಗಿನ್ನೂ ಖಾತ್ರಿಯಾಗಿಲ್ಲ.