ಪಿಕಪ್ ವ್ಯಾನಿಗೆ ಅಜ್ಜಿಯ ಕಮಾನು

ಜಾವಗಲ್ ದಾಟಿ ನಮ್ಮ ವ್ಯಾನು ವೇಗ ಹಿಡಿದಿತ್ತಷ್ಟೇ, ತಲೆಯ ಮೇಲಿದ್ದ ಬಿದಿರಿನ ಕಮಾನು ಗಾಳಿ ತುಂಬಿಕೊಂಡು ಮೇಲೆದ್ದಿತು. ಒಂದು ಹಗ್ಗ ಪಟ್ಟನೆ ಹರಿಯಿತು. ಅಜ್ಜಿ ಮುಂದಿನ ತಗಡು ಬಡಿದು ಅಪ್ಪನನ್ನು ಕೂಗಿದಳು: "ನಿಲ್ಲಿಸ್ಲಾ ಮಗ, ಹಾರೋಗ್ತೈತೆ!"

ಅದು ಅರವತ್ತರ ದಶಕ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಆಗಷ್ಟೇ ಹಳೇ ಪಿಕಪ್ ವ್ಯಾನು ಕೊಂಡಿದ್ದರು. ಬೇಲೂರಿನ ಮದುವೆಗೆ ಹೊರಟಾಗ ಅದಕ್ಕೆ ಟಾರ್ಪಾಲು ಹೊದಿಸೋಣ ಎಂದರು. ಅಜ್ಜಿ ಸುತರಾಂ ಒಪ್ಪಲಿಲ್ಲ. ತಾನು ಮದುವಣಗಿತ್ತಿಯಾಗಿ ಬಂದ ಎತ್ತಿನ ಗಾಡಿಯ ಕಮಾನನ್ನೇ ಅಟ್ಟದಿಂದ ಇಳಿಸಿ ಕಟ್ಟಿಸಿದಳು. ಎತ್ತಿನ ಗಾಡಿಗೆ ಕಟ್ಟುತ್ತಿದ್ದ ರೀತಿಯಲ್ಲೇ ಮುಂದೆ ತೆರೆದಿಟ್ಟು, ಹಿಂದೆ ಚಾಪೆ ಬಿಗಿದಿದ್ದೆವು. ಎತ್ತಿನ ನಡಿಗೆ ಕಂಡವರಿಗೆ ಎದುರುಗಾಳಿಯ ಯೋಚನೆ ಎಲ್ಲಿಂದ ಬರಬೇಕು?

ಅಪ್ಪ ಇಳಿದು ಬಂದು, ಕಮಾನನ್ನು ಬಿಚ್ಚಿ ಪಕ್ಕದ ಹಳ್ಳಿಯಲ್ಲಿ ಯಾರ ಮನೆಯಲ್ಲಾದರೂ ಇಟ್ಟು ಹೋಗೋಣ ಎಂದರು. ಅಜ್ಜಿ ಕೆಳಗಿಳಿದು ಒಂದು ಸುತ್ತು ಬಂದು ನೋಡಿದಳು.

"ಚಾಪೆ ಮುಂದ್ಕೆ ಕಟ್ಟು, ಹಿಂದ್ಗಡೆ ತೆರೆದೇ ಇರ್ಲಿ. ಪರದೆ ಗಿರದೆ ಏನೂ ಬ್ಯಾಡ" ಎಂದಳು.

ಅಪ್ಪ ಹರಿದ ಹಗ್ಗ ಗಂಟು ಹಾಕಿ ಹಾಗೆಯೇ ಕಟ್ಟಿದರು. ಆಮೇಲೆ ಕಮಾನು ಅಲುಗಲಿಲ್ಲ. ಹಳೇಬೀಡಿನಲ್ಲಿ ಜನ ಅಂಗಡಿಗಳಿಂದ ಹೊರಬಂದು ನಮ್ಮ ವಿಚಿತ್ರ ವಾಹನವನ್ನು ನೋಡಿದರು. ಅಜ್ಜಿ ಹಿಂಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅವರನ್ನೂ ದಾರಿಯನ್ನೂ ನೋಡುತ್ತಾ ಬೇಲೂರು ಸೇರಿದಳು.

ಮದುವಣಗಿತ್ತಿಯಾಗಿ ಬಂದ ದಿನ ಅದೇ ಕಮಾನಿನ ಎರಡೂ ಕಡೆ ಸೀರೆ ಕಟ್ಟಿದ್ದರಂತೆ, ಅವಳಿಗೆ ದಾರಿಯೇ ಕಂಡಿರಲಿಲ್ಲವಂತೆ. ಇಂದಿಗೂ ಆ ರಸ್ತೆಯಲ್ಲಿ ಬಸ್ಸು ಹತ್ತಿದರೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಕಿಟಕಿ ಪೂರ್ತಿ ತೆರೆದು ಕೂರುತ್ತೇನೆ.